ಚೀಟಿಯ ಕೆಳಗಿನ ಅರ್ಧ

ಚಿಕ್ಕೋಡಿ ಸೀಮೆಯ ಬಹಳಷ್ಟು ಮನೆಗಳಲ್ಲಿ ತಿಜೋರಿಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಯಾವುದೋ ಬಟ್ಟೆ ಅಂಗಡಿಯ ಹೆಸರಿರುವ ಚೀಲ. ಒಳಗೆ ಆ ಮನೆಯ ಹೆಂಗಸಿನ ಹತ್ತು ವರ್ಷದ ದವಾಖಾನೆ ತಿರುಗಾಟ: ರಕ್ತದ ರಿಪೋರ್ಟು, ಇಸಿಜಿಯ ಉದ್ದನೆಯ ಪಟ್ಟಿ, ಹೊಟ್ಟೆಯ ಸೋನೊಗ್ರಫಿ, ಮೀರಜಿನಲ್ಲಿ ತೆಗೆಸಿದ ತಲೆಯ ಸ್ಕ್ಯಾನು. ನಾಲ್ಕಕ್ಷರ ಓದಿದವರು ಯಾರಾದರೂ ಮನೆಗೆ ಬಂದರೆ ಚೀಲ ಕೆಳಗಿಳಿಯುತ್ತದೆ. "ನೋಡ್ರಿ, ಎಲ್ಲಾ ನಾರ್ಮಲ್ ಅಂತ ಬರದಾರ. ಹಂಗಾದ್ರ ನನಗ ಯಾಕ ಆರಾಮ ಇಲ್ರಿ?"

ಆರಾಮ ಇಲ್ಲ ಎಂದರೆ ಏನು ಎಂದು ಕೇಳಿದರೆ ಪಟ್ಟಿ ಬೆಳೆಯುತ್ತದೆ. ನಿದ್ದಿ ಹತ್ತೂದಿಲ್ಲ. ಎದಿ ಧಸಕ್ ಅಂತೈತಿ. ತಲಿ ಭಣಭಣ ಅಂತೈತಿ. ಮೈಯೆಲ್ಲಾ ಉರಿ, ಕೈಕಾಲಾಗ ಕಸುವಿಲ್ಲ, ಉಂಡದ್ದು ಮೈಗೆ ಹತ್ತೂದಿಲ್ಲ. "ಬ್ಯಾಸರಾಗೇತಿ" ಎಂಬ ಮಾತು ಬಂದರೆ ಕಟ್ಟಕಡೆಗೆ, ಎದ್ದು ಹೊರಡುವಾಗ, ಬಾಗಿಲ ಚೌಕಟ್ಟು ಹಿಡಿದುಕೊಂಡು. ಅಷ್ಟು ಹೊತ್ತಿಗೆ ಡಾಕ್ಟರು ಮುಂದಿನ ರೋಗಿಯ ಹೆಸರು ಕರೆದಾಗಿರುತ್ತದೆ.

ಕರೋಶಿಯಂಥ ಊರಿನಿಂದ ಹೊರಟ ಒಬ್ಬ ಹೆಂಗಸನ್ನು ಕಣ್ಣ ಮುಂದೆ ತಂದುಕೊಳ್ಳಿ. ನಲವತ್ತರ ಆಸುಪಾಸು. ಮೊದಲು ಊರಲ್ಲೇ ಸೂಜಿ. ಒಂದು ವಾರ ಚಲೋ ಅನ್ನಿಸುತ್ತದೆ. ಆಮೇಲೆ ಚಿಕ್ಕೋಡಿ, ಅಲ್ಲಿ ಸಲಾಯಿನ್, ಶಕ್ತಿಯ ಗುಳಿಗೆ. ಅದರಿಂದಲೂ ಆಗದಿದ್ದರೆ ಮೀರಜ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜನಕ್ಕೆ ದೊಡ್ಡ ಕಾಯಿಲೆ ಎಂದರೆ ಮೀರಜ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಾಗಿನಿಂದ ಹೀಗೆಯೇ ನಡೆದಿದೆ. ರಾಜ್ಯದ ಗಡಿ ಎಲ್ಲಿ ಬಂತು ಎಂದು ರೋಗ ಕೇಳುವುದಿಲ್ಲ. ನಡುವೆ ಚಿಂಚಲಿ ಮಾಯಕ್ಕನಿಗೊಂದು ಹರಕೆ, ಯಡೂರ ವೀರಭದ್ರನಿಗೊಂದು ಕಾಯಿ. ಇದಕ್ಕೆಲ್ಲ ಖರ್ಚಾದದ್ದು ಒಂದು ಎಕರೆ ಕಬ್ಬಿನ ಬಿಲ್ಲು. ಈ ಇಡೀ ದಾರಿಯಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆ ಒಂದಿದೆ: ಮನೆಯಲ್ಲಿ ಯಜಮಾನರು ಕುಡಿಯುತ್ತಾರೇನು?

ಒಂದು ವೇಳೆ ಯಾರೋ ಒಬ್ಬ ಜಾಣ ಡಾಕ್ಟರು ಕೇಳಿದರು ಎನ್ನೋಣ. ಆಕೆ ಅತ್ತಳು. ಡಾಕ್ಟರಿಗೆ ಅರ್ಥವಾಯಿತು. ಈಗ ಅವರು ಏನು ಮಾಡಬೇಕು? ಸಾಮಾನ್ಯವಾಗಿ ಮಾಡುವುದು ಇಷ್ಟೇ. ಒಂದು ಚೀಟಿ ಬರೆಯುತ್ತಾರೆ. "ಮಾನಸಿಕ ತಜ್ಞರಲ್ಲಿಗೆ ಕಳುಹಿಸಲಾಗಿದೆ."

ಉತ್ತರ ಕರ್ನಾಟಕದಲ್ಲಿ ಆ ಚೀಟಿಯ ಮೇಲೆ ಯಾವ ಊರಿನ ಹೆಸರಿದ್ದರೂ ಜನ ಓದುವುದು ಧಾರವಾಡ ಎಂದೇ. ಧಾರವಾಡದ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಮುಂಬೈ ಪ್ರಾಂತ್ಯದ ಕಾಲದಲ್ಲಿ. ಇಂದು ಅದು ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಅಲ್ಲಿ ಹೊರರೋಗಿ ವಿಭಾಗವಿದೆ, ಪಾಠ ನಡೆಯುತ್ತದೆ, ಬಂದವರು ಸಂಜೆಗೆ ಮನೆಗೆ ಮರಳುತ್ತಾರೆ. ಆದರೆ ಕಟ್ಟೆಯ ಮೇಲೆ ಕುಂತವರ ನಾಲಗೆ ಇನ್ನೂ ಹಳೆಯ ಕಾಲದಲ್ಲೇ ಇದೆ. "ಇವನ್ನ ಧಾರವಾಡಕ್ಕ ಕಳಸ್ರಿ" ಎಂದರೆ ನಮ್ಮ ಕಡೆ ಅದು ವಿಳಾಸ ಅಲ್ಲ, ಬೈಗುಳ. ಚಿಕ್ಕೋಡಿಯಿಂದ ಬೆಳಗಾವಿ, ಬೆಳಗಾವಿಯಿಂದ ಧಾರವಾಡ ಎಂದರೆ ಹೆಚ್ಚುಕಡಿಮೆ 150 ಕಿಲೋಮೀಟರು, ಒಂದು ದಿನದ ಕೂಲಿ, ಜೊತೆಗೆ ಬರುವವರದು ಇನ್ನೊಂದು. ಇಷ್ಟೆಲ್ಲ ಹೊತ್ತುಕೊಂಡು ಆ ಚೀಟಿ ತಿಜೋರಿಯ ಮೇಲಿನ ಚೀಲ ಸೇರುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಮಾತ್ರ ಕೆಲಸ ಮುಗಿದಿದೆ: ರೋಗಿಯನ್ನು ಮೇಲಕ್ಕೆ ಕಳಿಸಲಾಗಿದೆ.

ಆ ಚೀಟಿಯನ್ನು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಸರಕಾರಿ ನಮೂನೆಯಾದರೆ ಸಾಮಾನ್ಯವಾಗಿ ಅದಕ್ಕೆ ಎರಡು ಭಾಗ. ಮೇಲಿನದು ಕಳಿಸುವ ಡಾಕ್ಟರು ತುಂಬಬೇಕಾದದ್ದು. ಕೆಳಗಿನದು ನೋಡಿದ ತಜ್ಞರು ತುಂಬಿ ವಾಪಸು ಕಳಿಸಬೇಕಾದದ್ದು: ಏನು ಕಂಡೆವು, ಏನು ಕೊಟ್ಟೆವು, ಇನ್ನು ಮುಂದೆ ನೀವೇನು ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮನೋವೈದ್ಯರಿಗೂ ವ್ಯಸನ ಬಿಡಿಸುವವರಿಗೂ ನಡುವೆ ಇರಬೇಕಾದ ನಂಟಿನ ಬಗ್ಗೆ ನೂರಾರು ಪುಟಗಳ ವರದಿಗಳು ಬಂದಿವೆ. ನನಗೆ ಕೇಳಿದರೆ ಆ ಎಲ್ಲ ವರದಿಗಳ ಜಗಳ ಇರುವುದು ಚೀಟಿಯ ಈ ಕೆಳಗಿನ ಅರ್ಧದಲ್ಲಿ. ಅದು ಖಾಲಿ ಇರುವ ತನಕ ಮೇಲಿನ ಅರ್ಧಕ್ಕೆ ಬೆಲೆಯಿಲ್ಲ.

ಸೋಜಿಗವೆಂದರೆ, ಇದನ್ನು ದೇಶಕ್ಕೆ ಕಲಿಸಿದ್ದೇ ಕರ್ನಾಟಕ.

1975ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಆಸ್ಪತ್ರೆಯ ಗೋಡೆ ದಾಟಿ ಆನೇಕಲ್ ಕಡೆಯ ಸಕಲವಾರದಲ್ಲಿ ಒಂದು ಪ್ರಯೋಗಕ್ಕೆ ಕೈ ಹಾಕಿದರು. ಪ್ರಶ್ನೆ ಸರಳವಾಗಿತ್ತು. ಊರಿನ ಆರೋಗ್ಯ ಕೇಂದ್ರದ ಎಂಬಿಬಿಎಸ್ ಡಾಕ್ಟರು, ಅಲ್ಲಿನ ನರ್ಸು, ಮನೆಮನೆ ತಿರುಗುವ ಆರೋಗ್ಯ ಸಹಾಯಕಿ, ಇವರಿಗೆ ಕೆಲವೇ ವಾರಗಳ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆ ಗುರುತಿಸಿ ಔಷಧಿ ಕೊಡಬಲ್ಲರೇ? ಅದೇ ಹೊತ್ತಿಗೆ ಉತ್ತರದಲ್ಲಿ ಚಂಡೀಗಢದ ಎನ್.ಎನ್. ವಿಗ್ ಮತ್ತು ಅವರ ಸಂಗಡಿಗರು ಹರಿಯಾಣದ ರಾಯಪುರ ರಾಣಿಯಲ್ಲಿ ಇದನ್ನೇ ಪರೀಕ್ಷಿಸುತ್ತಿದ್ದರು. ಎರಡೂ ಕಡೆ ಬಂದ ಉತ್ತರ ಒಂದೇ: ಆಗುತ್ತದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಾಗ ಅದರ ಬೆನ್ನೆಲುಬಾದದ್ದು ಈ ಎರಡು ಊರುಗಳ ಅನುಭವ.

ಆದರೆ ಒಂದು ಆರೋಗ್ಯ ಕೇಂದ್ರದಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆಗುತ್ತದೆಯೇ? ಅದಕ್ಕೆ ಆರಿಸಿದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿ ನಡೆದದ್ದನ್ನು ಇಂದಿಗೂ ಮನೋವೈದ್ಯಕೀಯದ ಪುಸ್ತಕಗಳು 'ಬಳ್ಳಾರಿ ಮಾದರಿ' ಎಂದೇ ಕರೆಯುತ್ತವೆ. ಆರ್. ಶ್ರೀನಿವಾಸಮೂರ್ತಿ, ಮೋಹನ್ ಐಸಾಕ್, ಕನ್ನಡದ ಓದುಗರಿಗೆ ನೂರಾರು ಪುಸ್ತಕಗಳಿಂದ ಪರಿಚಿತರಾದ ಸಿ.ಆರ್. ಚಂದ್ರಶೇಖರ್ ಮೊದಲಾದವರು ಆ ಕಾಲದಲ್ಲಿ ವೈದ್ಯಾಧಿಕಾರಿಗಳಿಗಾಗಿ, ಆರೋಗ್ಯ ಕಾರ್ಯಕರ್ತರಿಗಾಗಿ ಕೈಪಿಡಿಗಳನ್ನು ಬರೆದರು. ಮಾದರಿ ಎಂದಾಕ್ಷಣ ದೊಡ್ಡ ಕಟ್ಟಡ ನೆನೆಯಬೇಡಿ. ಜಿಲ್ಲಾ ಕೇಂದ್ರದಲ್ಲಿ ಒಬ್ಬ ಮನೋವೈದ್ಯ, ಒಬ್ಬ ಮನಃಶಾಸ್ತ್ರಜ್ಞ, ಒಬ್ಬ ಸಮಾಜ ಕಾರ್ಯಕರ್ತ, ಲೆಕ್ಕ ಬರೆಯಲೊಬ್ಬ ಗುಮಾಸ್ತ. ಹತ್ತು ಹಾಸಿಗೆ. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಕೇವಲ ಆರು ಔಷಧಿ: ಕ್ಲೋರ್‌ಪ್ರೊಮಜಿನ್, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಫ್ಲೂಫೆನಜಿನ್ ಸೂಜಿ, ಮೂರ್ಛೆರೋಗಕ್ಕೆ ಫೀನೋಬಾರ್ಬಿಟೋನ್ ಮತ್ತು ಫೆನಿಟಾಯಿನ್. ದುಬಾರಿಯಾದದ್ದು ಒಂದೂ ಇಲ್ಲ.

ಆ ಪಟ್ಟಿಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಮನೋವೈದ್ಯನಲ್ಲ, ಆ ಗುಮಾಸ್ತ. ಪ್ರತಿ ಕೇಂದ್ರದಿಂದ ತಿಂಗಳಿಗೊಂದು ವರದಿ ಬರಬೇಕು: ಹೊಸಬರೆಷ್ಟು, ಹಳಬರಲ್ಲಿ ಬಂದವರೆಷ್ಟು, ಬಿಟ್ಟವರೆಷ್ಟು. ಜಿಲ್ಲಾ ಆರೋಗ್ಯಾಧಿಕಾರಿಯ ತಿಂಗಳ ಸಭೆಯಲ್ಲಿ ಮಲೇರಿಯಾ, ಲಸಿಕೆ, ಕುಟುಂಬ ಯೋಜನೆಯ ಜೊತೆಗೆ ಇದರ ಲೆಕ್ಕವನ್ನೂ ಕೇಳುತ್ತಿದ್ದರು. ಸರಕಾರಿ ಕಚೇರಿ ಬಲ್ಲವರಿಗೆ ಗೊತ್ತು, ಸಭೆಯಲ್ಲಿ ಕೇಳಿದ ಕೆಲಸವೇ ಕೆಲಸ.

1996ರಲ್ಲಿ ಇದೇ ಬಳ್ಳಾರಿ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಹೆಸರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ, ಈಗ ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇದೆ. ಬೆಳಗಾವಿಯಲ್ಲೂ ಇದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಬಳ್ಳಾರಿ ಮಾದರಿ ಹೊಲಿದದ್ದು ಸುಮಾರು 20 ಲಕ್ಷ ಜನರ ಜಿಲ್ಲೆಯ ಅಳತೆಗೆ. 2011ರ ಜನಗಣತಿಯಲ್ಲೇ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.79 ಲಕ್ಷ. ವಿಸ್ತೀರ್ಣದಲ್ಲಿ ರಾಜ್ಯದ ಅತಿ ದೊಡ್ಡ ಜಿಲ್ಲೆ. ಒಬ್ಬನಿಗೆ ಹೊಲಿದ ಅಂಗಿಯನ್ನು ಇಬ್ಬರೂವರೆ ಮಂದಿಗೆ ತೊಡಿಸಿದ ಹಾಗಾಯಿತು. ಚಿಕ್ಕೋಡಿ ಬೇರೆ ಜಿಲ್ಲೆಯಾಗಬೇಕೆಂದು ದಶಕಗಳಿಂದ ಕೂಗುವವರು ರಸ್ತೆ, ಕಚೇರಿ, ನ್ಯಾಯಾಲಯಗಳ ಲೆಕ್ಕ ಕೊಡುತ್ತಾರೆ. ಇದನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು: ಜಿಲ್ಲೆ ಒಂದಾದರೆ ಮನೋವೈದ್ಯರ ತಂಡವೂ ಒಂದೇ.

ದೂರದ ತಾಲ್ಲೂಕುಗಳ ಕಷ್ಟ ಸರಕಾರಕ್ಕೆ ಹೊಳೆಯದೇನಲ್ಲ. 2014ರಲ್ಲಿ ಕರ್ನಾಟಕ 'ಮನೋಚೈತನ್ಯ' ಆರಂಭಿಸಿತು. ಮಂಗಳವಾರ ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುವ ವ್ಯವಸ್ಥೆ. ಧಾರವಾಡದ ಬಸ್ಸು ಚಿಕ್ಕೋಡಿಯ ಬಸ್ಸಾಯಿತು; ಬೈಗುಳದ ಊರು ಸಂತೆಯ ಊರಾಯಿತು. ಇದು ಸಣ್ಣ ಮಾತಲ್ಲ. ಸಂತೆಗೆ ಹೋದವಳು ಹಾಗೇ ಆಸ್ಪತ್ರೆಗೂ ಹೋಗಿ ಬಂದರೆ ಅಕ್ಕಪಕ್ಕದವರಿಗೆ ಹೇಳಬೇಕಾದದ್ದೇನೂ ಇಲ್ಲ.

ಈಗ ಗಂಡನ ವಿಷಯ. ಇಲ್ಲಿ ಕಥೆ ಇನ್ನೂ ಗೋಜಲು.

ಅವನ ಕಿಸೆಯಲ್ಲಿ ತಂಬಾಕಿನ ಚೀಟು, ಸುಣ್ಣದ ಡಬ್ಬಿ. ನಿಪ್ಪಾಣಿ ಬೀಡಿ ತಂಬಾಕಿನ ಊರು; ಬೆಲೆ ಕೇಳಿ 1981ರಲ್ಲಿ ಇಲ್ಲಿನ ತಂಬಾಕು ರೈತರು ನಡೆಸಿದ ಚಳವಳಿ, ಆಗ ನಡೆದ ಗೋಲಿಬಾರು ಇನ್ನೂ ಹಿರಿಯರ ನೆನಪಿನಲ್ಲಿವೆ. ಈ ಸೀಮೆಯಲ್ಲಿ ಹೆಂಗಸರಿಗೂ ತಂಬಾಕು ಹೊಸದಲ್ಲ. ತಂಬಾಕನ್ನು ಹುರಿದು ಪುಡಿ ಮಾಡಿ ಹಲ್ಲುಜ್ಜುವ ಮಿಶ್ರಿಯನ್ನು ಯಾರೂ ಚಟ ಎಂದೇ ಲೆಕ್ಕ ಹಿಡಿಯುವುದಿಲ್ಲ; ಅದು ಹಲ್ಲುಪುಡಿ ಅಷ್ಟೇ. ದಿನಕ್ಕೆ ನಾಲ್ಕು ಬಾರಿ ಹಲ್ಲುಜ್ಜುವ ಅಜ್ಜಿಯನ್ನು ಕಂಡು ನಾವು ಮಕ್ಕಳಿದ್ದಾಗ ಎಂಥ ಸ್ವಚ್ಛತೆ ಎಂದುಕೊಂಡಿದ್ದೆವು. 2016–17ರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ 100ಕ್ಕೆ 22.8 ಮಂದಿ ಒಂದಿಲ್ಲೊಂದು ಬಗೆಯ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಬೀಡಿ ಸಿಗರೇಟಿನವರಿಗಿಂತ ಬಾಯಿಗೆ ಹಾಕಿಕೊಳ್ಳುವವರೇ ಹೆಚ್ಚು.

ಇನ್ನು ಕುಡಿತ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಪಾಕೀಟು ಹೋಯಿತು, ಬಾಟಲಿ ಉಳಿಯಿತು. ರೈತನ ಕಬ್ಬು ಕಾರ್ಖಾನೆಗೆ ಹೋಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ ಇಳಿಯುತ್ತದೆ. ಬಿಲ್ಲು ಬಂದ ವಾರ ಅದೇ ಕಬ್ಬು ಬೇರೆ ಬಣ್ಣದಲ್ಲಿ ಊರಿಗೆ ವಾಪಸಾಗುತ್ತದೆ. ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ವರ್ಷಕ್ಕೆ ಬರುವ ಹಣ 30 ಸಾವಿರ ಕೋಟಿ ರೂಪಾಯಿ ದಾಟಿದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಆ 37 ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ ಎಂದೇನೂ ಅಲ್ಲ. ಹತ್ತುತ್ತಾರೆ. ಹೊಟ್ಟೆ ಉರಿ ಎಂದು, ಬೈಕಿನಿಂದ ಬಿದ್ದು, ಬಿ.ಪಿ. ಏರಿ, ಕಾಮಾಲೆಯಾಗಿ, ಟಿ.ಬಿ. ಗುಳಿಗೆ ಅರ್ಧಕ್ಕೆ ಬಿಟ್ಟು. ಹೊಟ್ಟೆಗೆ ಗುಳಿಗೆ, ಕಾಲಿಗೆ ಪಟ್ಟಿ ಸಿಗುತ್ತದೆ. "ಕುಡಿಯೂದು ಬಿಡು" ಎಂಬ ಬುದ್ಧಿಮಾತು ಪುಕ್ಕಟೆ ಸಿಗುತ್ತದೆ. ಹೇಗೆ ಬಿಡಬೇಕೆಂದು ಹೇಳುವವರಿಲ್ಲ.

ಬಿಡುವುದರಲ್ಲೂ ಜೀವಾಪಾಯ ಇದೆ ಎಂಬುದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ತಟ್ಟನೆ ನಿಲ್ಲಿಸಿದರೆ ಮೊದಲ ದಿನ ಕೈ ನಡುಗುತ್ತದೆ, ಬೆವರು, ವಾಂತಿ, ನಿದ್ದೆಯಿಲ್ಲ. ಒಂದೆರಡು ದಿನದೊಳಗೆ ಮೂರ್ಛೆ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ದಿಕ್ಕು ತಪ್ಪುತ್ತದೆ: ಹಾಸಿಗೆಯ ಮೇಲೆ ಹುಳ ಹರಿದಾಡಿದ ಹಾಗೆ, ಸತ್ತವರು ಕರೆದ ಹಾಗೆ. ಮನೆಯವರು ಗಾಳಿ ಸೋಂಕಿತು ಎನ್ನುತ್ತಾರೆ. ನಮ್ಮ ಗಡಿಯ ಊರುಗಳಲ್ಲಿ ಪಂಢರಪುರದ ವಾರಿಗೆ ಹೊರಟು ತುಳಸಿ ಮಾಳ ಹಾಕಿಕೊಂಡವನು ಅಂದಿನಿಂದ ಕುಡಿಯುವಂತಿಲ್ಲ. ಅನೇಕ ಸಂಸಾರಗಳನ್ನು ಉಳಿಸಿದ ಮಾಳ ಅದು, ಅದರ ಮುಂದೆ ಯಾವ ಸರಕಾರಿ ಯೋಜನೆಯೂ ಚಿಕ್ಕದೇ. ಆದರೆ ಮಾಳ ಹಾಕಿದ ಮೂರನೆಯ ದಿನ ಅವನು ಬಡಬಡಿಸತೊಡಗಿದರೆ ವಿಠ್ಠಲ ಮೈಮೇಲೆ ಬಂದನೆಂದು ಕೈಮುಗಿದು ಕೂರಬಾರದು. ಅದು ದವಾಖಾನೆಗೆ ಓಡಬೇಕಾದ ಹೊತ್ತು. ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದವನಿಗೂ ಇದೇ ಗತಿ. ಅಲ್ಲಿ ಬಾಟಲಿ ಸಿಗುವುದಿಲ್ಲವಲ್ಲ.

ಇದಕ್ಕೆ ಮದ್ದು ಅಪರೂಪದ್ದೇನಲ್ಲ. ಥಯಮಿನ್ ಎಂಬ ಬಿ1 ಜೀವಸತ್ವದ ಸೂಜಿ, ಕೆಲವು ದಿನ ಲೆಕ್ಕ ಹಾಕಿ ಇಳಿಸುತ್ತ ಬರುವ ನಿದ್ದೆಯ ಜಾತಿಯ ಗುಳಿಗೆ, ನೀರು, ಜೊತೆಗೊಬ್ಬರು. ಇಂಥವನಿಗೆ ಥಯಮಿನ್ ಇಲ್ಲದೆ ಬರೀ ಗ್ಲುಕೋಸ್ ಸಲಾಯಿನ್ ಏರಿಸಿದರೆ ಮೆದುಳಿಗೆ ಕೇಡಾಗಬಹುದು. ಆರೋಗ್ಯ ಕೇಂದ್ರದ ಡಾಕ್ಟರಿಗೆ ಇಷ್ಟು ತಿಳಿದಿದ್ದು, ಯಾರನ್ನು ಇಲ್ಲೇ ನೋಡಿಕೊಳ್ಳಬಹುದು, ಯಾರನ್ನು ತಕ್ಷಣ ಬೆಳಗಾವಿಗೆ ಸಾಗಿಸಬೇಕು ಎಂದು ಕೇಳಲು ಫೋನಿನ ಆಚೆ ಒಬ್ಬ ತಜ್ಞರಿದ್ದರೆ ಸಾಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದುದ್ದಕ್ಕೂ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ಬಿಟ್ಟವನನ್ನು ಬಿಟ್ಟವನೇ ಕಾಯುವ ಈ ಏರ್ಪಾಡು ಯಾವ ಡಾಕ್ಟರಿಂದಲೂ ಆಗದ ಕೆಲಸ ಮಾಡುತ್ತದೆ. ಶಿಬಿರದ ಮೊದಲ ನಾಲ್ಕು ದಿನ ಮಾತ್ರ ಡಾಕ್ಟರು ಹತ್ತಿರ ಇರಬೇಕು. ಎಷ್ಟೋ ಕಡೆ ಶಿಬಿರದ ಪೆಂಡಾಲಿಗೂ ಊರಿನ ಆರೋಗ್ಯ ಕೇಂದ್ರಕ್ಕೂ ನಡುವೆ ಇರುವುದು ಅರ್ಧ ಫರ್ಲಾಂಗು.

ಕಾಗದದ ಮೇಲಿನ ದೂರ ಬೇರೆ. ಒಬ್ಬನೇ ಮನುಷ್ಯ, ಒಂದೇ ದೇಹ. ಅವನ ಬೇಸರ ಆರೋಗ್ಯ ಇಲಾಖೆಯ ಮಾನಸಿಕ ವಿಭಾಗಕ್ಕೆ ಸೇರಿದ್ದು. ಅವನ ತಂಬಾಕು ಅದೇ ಇಲಾಖೆಯ ಬೇರೊಂದು ಕಾರ್ಯಕ್ರಮಕ್ಕೆ. ಅವನ ಕುಡಿತ ಬಿಡಿಸುವ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಕೊಡುವುದು ದಿಲ್ಲಿಯಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ. ಮೂರಕ್ಕೂ ಮೂರು ಸಹಾಯವಾಣಿ: ಮನಸ್ಸಿಗೆ 14416, ಮದ್ಯ ಮತ್ತು ಮಾದಕಗಳಿಗೆ 14446, ತಂಬಾಕಿಗೆ 1800-11-2356. ಮೊದಲ ಎರಡರಲ್ಲಿ ಒಂದಂಕಿಯ ವ್ಯತ್ಯಾಸ. ನಡುಗುವ ಕೈಯಲ್ಲಿ ಯಾವುದನ್ನು ಒತ್ತಬೇಕು? ಇದಕ್ಕೆಲ್ಲ ಸೇರಿ ಒಂದೇ ಕುರ್ಚಿ ಇರುವ ಜಾಗ ದೇಶದಲ್ಲಿ ಒಂದೇ, ಅದು ಊರಿನ ಆರೋಗ್ಯ ಕೇಂದ್ರದ ಡಾಕ್ಟರ ಎದುರಿನ ಕುರ್ಚಿ.

ಆ ಕುರ್ಚಿಯ ಬಳಿ ನಿಜಕ್ಕೂ ಏನು ಮಾಡಬಹುದೆಂದು ತಿಳಿಯಲು ದೂರ ಹೋಗಬೇಕಿಲ್ಲ, ಘಟ್ಟ ಇಳಿದರೆ ಗೋವಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ನರ್ಸೂ ಅಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆಪ್ತಸಲಹೆಗೆ ಕೂರಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸರಕಾರಿ ಕೇಂದ್ರಗಳಲ್ಲಿ ಖಿನ್ನತೆ ಅಥವಾ ಆತಂಕ ಇದ್ದವರಲ್ಲಿ ಆರು ತಿಂಗಳಿಗೆ ಗುಣಮುಖರಾದವರು 100ಕ್ಕೆ 65.9, ಸಲಹೆಗಾರರಿಲ್ಲದ ಕೇಂದ್ರಗಳಲ್ಲಿ 42.5. ಖಾಸಗಿ ದವಾಖಾನೆಗಳಲ್ಲಿ ಇಂಥ ಅಂತರ ಕಾಣಲಿಲ್ಲ. ಅಲ್ಲಿನ ಖಾಸಗಿ ಡಾಕ್ಟರು ಮೊದಲೇ ರೋಗಿಯ ಮನೆಮಾತು ಬಲ್ಲವರು, ನಾಲ್ಕು ಮಾತಾಡುವವರು, ಅದೇ ಕಾರಣವಿರಬಹುದು. ಕೆಲ ವರ್ಷಗಳ ನಂತರ ಅದೇ ಗೋವಾದಲ್ಲಿ ಕುಡಿತ ಅತಿಯಾದ ಗಂಡಸರೊಂದಿಗೆ ಕೆಲವೇ ಬಾರಿ ಕೂತು ಮಾತಾಡುವ ಇಂಥದೇ ಪ್ರಯೋಗ ನಡೆಯಿತು. ಮೂರು ತಿಂಗಳಿಗೆ ಕುಡಿತ ಹತೋಟಿಗೆ ಬಂದವರು 100ಕ್ಕೆ 36, ಮಾತುಕತೆ ಇಲ್ಲದವರಲ್ಲಿ 26. ಹತ್ತೇ ಜನರ ವ್ಯತ್ಯಾಸ ಎನ್ನಬಹುದು. ಹತ್ತು ಮನೆ ಎಂದೂ ಎನ್ನಬಹುದು.

ಅಮೆರಿಕದಲ್ಲಿ ಇದೇ ವಿಚಾರವನ್ನು ಯುರ್ಗನ್ ಉನ್ಯುಟ್ಸರ್ ಮತ್ತು ವೇಯ್ನ್ ಕೇಟನ್ ಮೊದಲಾದವರು ದೊಡ್ಡದಾಗಿ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು: 18 ದವಾಖಾನೆ, ಖಿನ್ನತೆಯಿದ್ದ 1,801 ವೃದ್ಧರು. ರೋಗಿ ತನ್ನ ಎಂದಿನ ಡಾಕ್ಟರ ಬಳಿಯೇ ಇರುತ್ತಾನೆ. ಒಬ್ಬ ನರ್ಸು ಅಥವಾ ಮನಃಶಾಸ್ತ್ರಜ್ಞ ಅವನ ಬೆನ್ನು ಹತ್ತಿ, ಗುಳಿಗೆ ತಗೊಂಡಿರೇ, ಹೇಗಿದ್ದೀರಿ ಎಂದು ಕೇಳುತ್ತಿರುತ್ತಾರೆ. ಮನೋವೈದ್ಯರು ವಾರಕ್ಕೊಮ್ಮೆ ಪಟ್ಟಿ ನೋಡಿ, ಸುಧಾರಿಸದವರ ಬಗ್ಗೆ ಸಲಹೆ ಕೊಡುತ್ತಾರೆ. ವರ್ಷದ ಕೊನೆಗೆ ಅರ್ಧದಷ್ಟಾದರೂ ಹಗುರಾದವರು ಇಲ್ಲಿ 100ಕ್ಕೆ 45, ಎಂದಿನ ಚಿಕಿತ್ಸೆಯಲ್ಲಿ 19. ಓದಿದಾಗ ನನಗೆ ನೆನಪಾದದ್ದು ಬಳ್ಳಾರಿಯ ಗುಮಾಸ್ತ. ಅದೇ ಪಟ್ಟಿ, ಅದೇ ಬಿಟ್ಟವರ ಲೆಕ್ಕ.

ಬೆನ್ನು ಹತ್ತಿ ಕೇಳುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಇನ್ನೂ ನೇರವಾದ ಸಾಕ್ಷಿ ಇದೆ. ಕೀಟನಾಶಕ ಕುಡಿದವರನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳು ಕಾಣದ ತಿಂಗಳಿಲ್ಲ. ಹೊಟ್ಟೆ ತೊಳೆದು, ಬದುಕಿಸಿ ಮನೆಗೆ ಕಳಿಸುತ್ತಾರೆ. ಪೊಲೀಸ್ ಹೇಳಿಕೆ ಆಗುತ್ತದೆ. ಆಮೇಲೆ? ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಮಂದಿಯನ್ನು ಹಿಂಬಾಲಿಸಿತು. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರಿಗೆ ಮನೆಗೆ ಹೋಗುವ ಮುನ್ನ ಒಂದು ತಾಸಿನ ಮಾತುಕತೆ. ನಂತರ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಕೊನೆಗೆ ಆತ್ಮಹತ್ಯೆಯಿಂದ ತೀರಿಕೊಂಡವರು ಮೊದಲ ಗುಂಪಿನಲ್ಲಿ 100ಕ್ಕೆ 2.2, ಎರಡನೆಯದರಲ್ಲಿ 0.2. ಹೊಸ ಔಷಧಿ ಏನೂ ಇಲ್ಲ. ಒಂಬತ್ತು ಸಲ ಯಾರೋ ಹೇಗಿದ್ದೀರಿ ಎಂದರು.

ನಮ್ಮ ಆರೋಗ್ಯ ಕೇಂದ್ರಗಳಿಗೆ ಈ ವಿದ್ಯೆ ಹೊಸದೂ ಅಲ್ಲ. ಟಿ.ಬಿ. ರೋಗಿ ಗುಳಿಗೆಗೆ ಬಾರದಿದ್ದರೆ ಮನೆಗೇ ಹುಡುಕಿಕೊಂಡು ಬರುತ್ತಾರೆ. ಗರ್ಭಿಣಿಯ ತಾಯಿ ಕಾರ್ಡು, ಮಗುವಿನ ಲಸಿಕೆಯ ದಿನ, ಎಲ್ಲಕ್ಕೂ ರಿಜಿಸ್ಟರಿದೆ, ಆ ರಿಜಿಸ್ಟರು ಬಾರದವರನ್ನು ಕೂಗಿ ಕರೆಯುತ್ತದೆ. ಬೇಸರಕ್ಕೆ ಗುಳಿಗೆ ಶುರು ಮಾಡಿ ಎರಡನೇ ವಾರ ಬಿಟ್ಟವಳನ್ನು ಕರೆಯುವ ರಿಜಿಸ್ಟರು ಎಲ್ಲಿ? ಈ ಗುಳಿಗೆ ಕೆಲಸ ಶುರು ಮಾಡಲು ಎರಡು ಮೂರು ವಾರ ಹಿಡಿಯುತ್ತದೆ. ಮೊದಲ ವಾರ ಹೊಟ್ಟೆ ತೊಳಸಬಹುದು. ಹೇಳುವವರಿಲ್ಲದಿದ್ದರೆ ಯಾರಾದರೂ ಬಿಡುತ್ತಾರೆ, ನಾನೂ ಬಿಡುತ್ತೇನೆ.

ಆಶಾ ಕಾರ್ಯಕರ್ತೆಯರ ಕೈಯಲ್ಲಿ ಈಗ ಒಂದು ನಮೂನೆ ಇದೆ. 30 ದಾಟಿದ ಪ್ರತಿಯೊಬ್ಬರ ಬಗ್ಗೆ ತುಂಬಬೇಕಾದದ್ದು. ಸೊಂಟದ ಸುತ್ತಳತೆ, ಬೀಡಿ, ತಂಬಾಕು, ಕುಡಿತ, ಜೊತೆಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಕರೋಶಿ ಕಡೆಯ ಬಾಯಲ್ಲಿ ಅವು ಹೀಗಾಗಬೇಕು: "ಯಕ್ಕಾ, ಈ ಎರಡ ವಾರದಾಗ ಯಾವ ಕೆಲಸದ ಮ್ಯಾಲೂ ಮನಸ ಬರವಲ್ದು ಅಂತ ಅನಿಸೇತೇನ? ಜೀವಕ್ಕ ಬ್ಯಾಸರಾಗಿ, ಏನೂ ಬ್ಯಾಡ ಅನಿಸೇತೇನ?" ಕೇಳುವುದು ಸುಲಭ. ಹೌದು ಎಂದವಳನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬುದು ಆಶಾಗೆ ಗೊತ್ತಿರದಿದ್ದರೆ ಎರಡನೇ ಮನೆಯಿಂದ ಆಕೆ ಕೇಳದೆಯೇ 'ಇಲ್ಲ' ಎಂದು ತುಂಬಿಕೊಂಡು ಹೋಗುತ್ತಾಳೆ. ಅವಳನ್ನು ಬೈಯುವಂತಿಲ್ಲ. ಅವಳಿಗೆ ತುಂಬಬೇಕಾದ ನಮೂನೆಗಳು ಹತ್ತಾರು, ಕೈಗೆ ಬರುವ ಗೌರವಧನಕ್ಕಾಗಿ ಬೆಂಗಳೂರಿನ ಬೀದಿಯಲ್ಲಿ ಧರಣಿ ಕೂತು ಬಂದವಳು ಅವಳು.

ಡಾಕ್ಟರ ಕಡೆಯಿಂದಲೂ ಮಾತಾಡಬೇಕು. ಬೆಳಿಗ್ಗೆಯಿಂದ ನೂರು ರೋಗಿಗಳನ್ನು ನೋಡುವ ಎಂಬಿಬಿಎಸ್ ವೈದ್ಯರಿಗೆ ಓದುವಾಗ ಮನೋವೈದ್ಯಕೀಯದಲ್ಲಿ ಸಿಕ್ಕದ್ದು ಕೆಲವೇ ದಿನಗಳ ಪಾಠ. ವರ್ಷಕ್ಕೊಮ್ಮೆ ಊಟದ ಸಮೇತ ಮೂರು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಅದು ಬದಲಾಗುವುದಿಲ್ಲ. ನಿಮ್ಹಾನ್ಸ್‌ನವರು ಇದನ್ನು ಅರಿತೇ ಇತ್ತೀಚಿನ ವರ್ಷಗಳಲ್ಲಿ ಬೇರೆ ದಾರಿ ಹಿಡಿದರು. ಆರೋಗ್ಯ ಕೇಂದ್ರದ ಡಾಕ್ಟರು ತಮ್ಮದೇ ಹೊರರೋಗಿಗಳನ್ನು ನೋಡುತ್ತಿರುವಾಗ, ವಿಡಿಯೊ ಮೂಲಕ ಮನೋವೈದ್ಯರು ಪಕ್ಕದಲ್ಲೇ ಕೂತಂತೆ ಕಲಿಸುವುದು. ಆಮೇಲೆ ಕಷ್ಟದ ರೋಗಿ ಬಂದಾಗ ಇಬ್ಬರೂ ಸೇರಿ ನೋಡುವುದು. ಈಜು ಕಲಿಸುವವರು ನೀರಿಗಿಳಿದದ್ದು ಇದರಲ್ಲೇ.

ಇನ್ನೊಂದು ತೊಡಕನ್ನು ಯೋಜನೆ ಬರೆಯುವವರು ಮರೆಯುತ್ತಾರೆ. ಊರಿನ ದವಾಖಾನೆಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಚೀಟಿ ಬರೆಯುವ ಹುಡುಗ ಮೈದುನನ ಗೆಳೆಯ, ನರ್ಸಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇರುವವರು. ಮಂದಿ ಸಾಲ ಮಾಡಿ ಮೀರಜಕ್ಕೆ ಹೋಗುವುದಕ್ಕೆ ಅಲ್ಲಿ ಗುರುತಿನವರು ಸಿಗುವುದಿಲ್ಲ ಎಂಬುದೂ ಒಂದು ಕಾರಣ. ಹಾಗಿದ್ದರೂ ನನ್ನ ಒಲವು ಊರಿನ ದವಾಖಾನೆಯ ಕಡೆಗೇ. ಅಲ್ಲಿ ಬಿ.ಪಿ.ಯವರು, ಸಕ್ಕರೆ ಕಾಯಿಲೆಯವರು, ಮಗುವಿನ ಕೆಮ್ಮಿಗೆ ಬಂದವರು ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಯಾರು ಯಾವುದಕ್ಕೆ ಬಂದರೆಂದು ಬೆಂಚು ಹೇಳುವುದಿಲ್ಲ. 'ಮಾನಸಿಕ ರೋಗ ವಿಭಾಗ' ಎಂದು ಬೋರ್ಡು ಹಚ್ಚಿದ ಬೇರೆ ಕೋಣೆ ಮಾತ್ರ ಬೇಡ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಕೂಡ ಈ ಸೇವೆ ಎಲ್ಲ ಹಂತದ ಸಾಮಾನ್ಯ ಆರೋಗ್ಯ ಸೇವೆಯೊಳಗೆ ಬೆರೆತಿರಬೇಕು ಎನ್ನುತ್ತದೆ, ಸಿಗುವುದು ಹಕ್ಕು ಎನ್ನುತ್ತದೆ. 2018ರ ಮೇ 29ರಿಂದ ಅದು ಜಾರಿಯಲ್ಲಿದೆ.

ಹಕ್ಕಿನ ಮಾತು ದೊಡ್ಡದು. ಅಷ್ಟು ದೊಡ್ಡದೂ ಬೇಡ. ಕರೋಶಿಯಿಂದ ಹೊರಟ ಆ ಹೆಂಗಸು ಒಂದು ಮಂಗಳವಾರ ಚಿಕ್ಕೋಡಿಯಲ್ಲಿ ಇಳಿದು, ಸಾಲಿನಲ್ಲಿ ನಿಂತು, ಒಳಗೆ ಹೋಗಿ, ಹದಿನೈದು ನಿಮಿಷ ಕೂತು ಬಂದಳು ಎನ್ನೋಣ. ಕೈಯಲ್ಲಿ ಅದೇ ಚೀಟಿ. ಆಕೆಗೆ ಓದಲು ಬರುವುದಿಲ್ಲ. ಊರಿಗೆ ಹೋಗಿ ಡಾಕ್ಟರ ಮೇಜಿನ ಮೇಲೆ ಇಡುತ್ತಾಳೆ. ಕೆಳಗಿನ ಅರ್ಧದಲ್ಲಿ ಅವಸರದ ಅಕ್ಷರದಲ್ಲಿ ಐದು ಸಾಲು: ಖಿನ್ನತೆ ಇದೆ, ಸ್ಕ್ಯಾನ್ ಬೇಡ. ಗುಳಿಗೆ ರಾತ್ರಿ ಒಂದು, ಆರು ತಿಂಗಳು, ನಿಮ್ಮಲ್ಲಿಂದಲೇ ಕೊಡಿ. ಎರಡು ವಾರಕ್ಕೆ ಬಾರದಿದ್ದರೆ ಆಶಾರನ್ನು ಮನೆಗೆ ಕಳಿಸಿ. ಸಾಯುವ ಮಾತಾಡಿದರೆ ಕಾಯಬೇಡಿ, ನನಗೆ ಫೋನು ಮಾಡಿ. ಯಜಮಾನರಿಗೆ ಹೊಟ್ಟೆ ಉರಿ ಅಂತೆ, ಮುಂದಿನ ಸಲ ಅದನ್ನು ತೋರಿಸುವ ನೆವದಲ್ಲಿ ಕರೆದುಕೊಂಡು ಬರಲಿ.